ಮಣ್ಣಿನ ಮೇಲೊಂದು ಮೈಯ ಗುರುತು: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೆಯ ಇದೇ ಪುಟದಲ್ಲಿ ಕ್ಯೂಬಾ ಮೂಲದ ಕಲಾವಿದೆ ಆನಾ ಮೆಂಡಿಯೆಟಾ ಅವರ ಬಗ್ಗೆ ಒಂದು ಚಿಕ್ಕ ಟಿಪ್ಪಣಿ ಬರೆದಿದ್ದೆ. ಕಡಲಂಚಿನ ಮರಳಿನಲ್ಲಿ ಹೆಣ್ಣಿನ ಆಕಾರವೊಂದನ್ನು ತೋಡಿ, ಅದಕ್ಕೆ ಕೆಂಪು ಬಣ್ಣ ತುಂಬಿ, ಅಲೆಗಳು ಅದನ್ನು ಸ್ವಲ್ಪ ಸ್ವಲ್ಪವಾಗಿ ಕರಗಿಸುವುದನ್ನು ಅವರು ಛಾಯಾಚಿತ್ರಗಳಲ್ಲಿ ಹಿಡಿದದ್ದನ್ನು ಅಲ್ಲಿ ವಿವರಿಸಿದ್ದೆ. ಅದಕ್ಕೆ ಕಾರವಾರ, ಅಂಕೋಲಾ, ಕುಮಟಾ, ಶಿರಸಿ, ಸಿದ್ದಾಪುರಗಳಿಂದ ಬಂದ ಪತ್ರಗಳು ಒಂದು ಸಂಚಿಕೆಯ ಜಾಗಕ್ಕೆ ಹೆಚ್ಚಾದವು. ಒಂದೇ ಪ್ರಶ್ನೆಯನ್ನು ಹಲವರು ಕೇಳಿದ್ದಲ್ಲಿ ಒಂದನ್ನು ಮಾತ್ರ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಮ್ಮ ಟಾಗೋರ್ ಕಡಲತೀರದಲ್ಲಿ ದಿನವೂ ಸಂಜೆ ಮಕ್ಕಳು ಮರಳಿನಲ್ಲಿ ಗೊಂಬೆ ಮಾಡುತ್ತಾರೆ, ತೆರೆ ಬಂದು ಕೊಂಡೊಯ್ಯುತ್ತದೆ. ಅದನ್ನೇ ಒಬ್ಬ ವಯಸ್ಕ ಹೆಂಗಸು ಮಾಡಿದರೆ ಕಲೆ ಹೇಗಾಗುತ್ತದೆ? ಮೂವತ್ತು ವರ್ಷ ಚಿತ್ರಕಲೆ ಕಲಿಸಿದ ನನಗೆ ಇದರಲ್ಲಿ ಕೈಚಳಕ ಎಲ್ಲಿದೆ ಎಂಬುದು ಕಾಣಲಿಲ್ಲ.
— ನಿವೃತ್ತ ಚಿತ್ರಕಲಾ ಶಿಕ್ಷಕರು, ಕಾರವಾರ

ಉತ್ತರ: ಮಾನ್ಯರೇ, ಕೈಚಳಕದ ಪ್ರಶ್ನೆಯನ್ನು ನೀವು ಎತ್ತಿದ್ದು ಒಳ್ಳೆಯದಾಯಿತು. ಆನಾ ಅವರು ಕುಂಚ ಹಿಡಿಯಲು ಬಾರದೆ ಮರಳಿಗೆ ಇಳಿದವರಲ್ಲ; ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಚಿತ್ರಕಲೆಯನ್ನೇ ಓದಿ 1972ರಲ್ಲಿ ಸ್ನಾತಕೋತ್ತರ ಪದವಿ ಪಡೆದವರು. ತಾನು ಹೇಳಬೇಕಾದದ್ದಕ್ಕೆ ಕ್ಯಾನ್ವಾಸಿನ ಮೇಲಿನ ಬಣ್ಣ ಸಾಲದು, ಆ ಚಿತ್ರಗಳಿಗೆ ತಾನು ಬಯಸಿದ ಶಕ್ತಿ ಬರುತ್ತಿಲ್ಲ ಎಂದು ಅನ್ನಿಸಿದ ಮೇಲೆ ಅವರು ಅದನ್ನು ಬಿಟ್ಟರು. ಏನು ಹೇಳಬೇಕಾಗಿತ್ತು ಎಂಬುದು ಅವರ ಬಾಲ್ಯವನ್ನು ತಿಳಿದರೆ ಅರ್ಥವಾಗುತ್ತದೆ.

ಅವರು ಹುಟ್ಟಿದ್ದು 1948ರ ನವೆಂಬರ್ 18ರಂದು, ಹವಾನಾದಲ್ಲಿ. ಕ್ಯೂಬಾದ ಕ್ರಾಂತಿಯ ನಂತರ ಅಲ್ಲಿನ ಅನೇಕ ಮಧ್ಯಮ ಮತ್ತು ಮೇಲ್ವರ್ಗದ ಕುಟುಂಬಗಳು ಹೆದರಿ, ತಂದೆತಾಯಿ ಜೊತೆಗಿಲ್ಲದೆಯೇ ಮಕ್ಕಳನ್ನು ಅಮೆರಿಕಕ್ಕೆ ಕಳುಹಿಸಿದವು. ‘ಆಪರೇಷನ್ ಪೀಟರ್ ಪ್ಯಾನ್’ ಎಂದು ಹೆಸರಾದ ಈ ಏರ್ಪಾಡಿನಲ್ಲಿ 1960ರಿಂದ 1962ರವರೆಗೆ ಸುಮಾರು 14,000 ಮಕ್ಕಳು ದೇಶ ಬಿಟ್ಟರು. 1961ರಲ್ಲಿ ಹನ್ನೆರಡು ವರ್ಷದ ಆನಾ ತನ್ನ ಅಕ್ಕನ ಜೊತೆ ಹಾಗೆ ಹೊರಟು, ಕಡಲಿನ ಬದಿಯ ಊರಿನಿಂದ ಕಡಲೇ ಇಲ್ಲದ, ಚಳಿಗಾಲದಲ್ಲಿ ಹಿಮ ಬೀಳುವ ಅಯೋವಾ ರಾಜ್ಯದ ಅನಾಥಾಲಯಕ್ಕೂ ಅನಂತರ ಬೇರೆ ಬೇರೆ ಮನೆಗಳಿಗೂ ಬಂದು ಸೇರಿದರು. ತಾಯಿಯ ಮುಖ ಮತ್ತೆ ಕಾಣಲು ಐದು ವರ್ಷ ಕಾಯಬೇಕಾಯಿತು. ಕ್ಯೂಬಾದಲ್ಲಿ ಸೆರೆಮನೆ ಸೇರಿದ್ದ ತಂದೆ ಬಂದದ್ದು 1979ರಲ್ಲಿ.

ಹೀಗೆ ಕಾಲಡಿಯ ನೆಲವನ್ನೇ ಕಳೆದುಕೊಂಡ ಹುಡುಗಿ ಬೆಳೆದು ಕಲಾವಿದೆಯಾದಾಗ, ನೆಲದ ಚಿತ್ರವನ್ನು ಬರೆಯುವ ಬದಲು ನೆಲದ ಮೇಲೆಯೇ ಮಲಗಿದರು. 1973ರಲ್ಲಿ ಮೆಕ್ಸಿಕೊದ ಓಹಾಕಾ ಪ್ರದೇಶದ ಯಾಗುಲ್ ಎಂಬಲ್ಲಿ, ಪ್ರಾಚೀನ ಝಪೋಟೆಕ್ ಜನರ ತೆರೆದ ಸಮಾಧಿಯೊಂದರೊಳಗೆ ಮಲಗಿ, ತನ್ನ ಮೈಯನ್ನು ಬಿಳಿಯ ಹೂಗಳಿಂದ ಮುಚ್ಚಿಸಿಕೊಂಡರು. ಹೂಗಳು ಅವರ ದೇಹದೊಳಗಿನಿಂದಲೇ ಚಿಗುರಿದಂತೆ ಆ ಛಾಯಾಚಿತ್ರದಲ್ಲಿ ತೋರುತ್ತದೆ. ‘ಸಿಲುಯೇಟಾ’, ಅಂದರೆ ಹೊರಗೆರೆ ಅಥವಾ ನೆರಳಾಕೃತಿ, ಎಂಬ ಸರಣಿ ಶುರುವಾದದ್ದು ಅಲ್ಲಿಂದ. 1980ರವರೆಗೆ ಅಯೋವಾದಲ್ಲಿಯೂ ಮೆಕ್ಸಿಕೊದಲ್ಲಿಯೂ ಅವರು ಮಾಡಿದ ಇಂಥ ಆಕಾರಗಳ ಸಂಖ್ಯೆ ಇನ್ನೂರನ್ನು ಮೀರುತ್ತದೆ. ಮೊದಮೊದಲು ತಾವೇ ಮಲಗುತ್ತಿದ್ದರು. ಬರಬರುತ್ತ ಮೈ ಎದ್ದು ಹೋಗಿ ಗುರುತು ಮಾತ್ರ ಉಳಿಯಿತು: ಕೆಸರಿನಲ್ಲಿ, ಹಿಮದಲ್ಲಿ, ಹುಲ್ಲಿನಲ್ಲಿ, ಹಾವಸೆಯಲ್ಲಿ, ಸುಟ್ಟ ಸಿಡಿಮದ್ದಿನ ಪುಡಿಯಲ್ಲಿ, ಹೂವಿನಲ್ಲಿ ಸುಮಾರು ಐದು ಅಡಿ ಎತ್ತರದ ಒಬ್ಬ ಹೆಂಗಸಿನ ಅಳತೆಯ ಗುರುತು.

ನಿಮಗೆ ಹತ್ತಿರದ ಒಂದು ಉದಾಹರಣೆ ಕೊಡುತ್ತೇನೆ. ಶಿರಸಿಯ ಕಡೆ ಅಡಿಕೆ ಒಣಗಿಸುವ ಅಂಗಳವನ್ನು ಸಗಣಿಯಿಂದ ಸಾರಿಸುವುದನ್ನು ನೀವು ನೋಡಿರಬೇಕು. ನಮ್ಮ ಆಯಿ ಬಾಗಿ ಸಾರಿಸಿದ ಅಂಗಳದಲ್ಲಿ ಅರ್ಧಚಂದ್ರಾಕಾರದ ಗೆರೆಗಳು ಒಂದರ ಪಕ್ಕ ಒಂದು ಮೂಡುತ್ತಿದ್ದವು, ಮತ್ತು ಪ್ರತಿ ಗೆರೆಯ ಅಗಲ ಅವರ ತೋಳು ಚಾಚುವಷ್ಟೇ ಇರುತ್ತಿತ್ತು. ಅತ್ತೆ ಸಾರಿಸಿದ ದಿನ ಆ ಅಳತೆ ಬೇರೆಯಾಗಿ ಕಾಣುತ್ತಿತ್ತು. ಅಂಗಳ ಒಣಗಿದ ಮೇಲೆ ಅಡಿಕೆ ಹರವಿದರೆ ಗೆರೆಗಳೆಲ್ಲ ಮುಚ್ಚಿಹೋಗುತ್ತಿದ್ದವು. ಅದನ್ನು ಯಾರೂ ಕಲೆ ಎಂದು ಕರೆಯಲಿಲ್ಲ, ಯಾರೂ ಚಿತ್ರ ತೆಗೆದಿಡಲಿಲ್ಲ. ಆನಾ ಮಾಡಿದ ಕೆಲಸದ ಅರ್ಧ ಭಾಗ ಮರಳು ತೋಡುವುದಾದರೆ ಉಳಿದರ್ಧ, ಆ ಗುರುತನ್ನು ಮೂವತ್ತೈದು ಮಿಲಿಮೀಟರಿನ ಸ್ಲೈಡುಗಳಲ್ಲಿ ಮತ್ತು ಸೂಪರ್ ಎಂಟು ಎಂಬ ಚಿಕ್ಕ ಚಲನಚಿತ್ರದ ರೀಲುಗಳಲ್ಲಿ ಜೋಪಾನವಾಗಿ ಹಿಡಿದಿಡುವುದು. ಅವರ ಚಲನಚಿತ್ರಗಳೇ ನೂರಕ್ಕೂ ಹೆಚ್ಚಿವೆ. 1976ರಲ್ಲಿ ಲಾ ವೆಂತೋಸಾ ಎಂಬ ಮೆಕ್ಸಿಕೊದ ಕಡಲತೀರದಲ್ಲಿ ಮಾಡಿದ ಆ ಕೆಂಪು ಆಕಾರವನ್ನು ನೀರಿನ ಗೆರೆಗೆ ಎಷ್ಟು ಹತ್ತಿರ ತೋಡಬೇಕು, ಎಷ್ಟು ಆಳ ತೋಡಿದರೆ ಮೊದಲ ತೆರೆಗೇ ಕುಸಿಯದೆ ನಿಲ್ಲುತ್ತದೆ, ಕ್ಯಾಮೆರಾವನ್ನು ಎಲ್ಲಿಟ್ಟರೆ ಒಂದೊಂದು ತೆರೆ ಕೊಂಡುಹೋದದ್ದು ಒಂದೊಂದು ಚಿತ್ರದಲ್ಲಿ ಕಾಣುತ್ತದೆ ಎಂಬ ನಿರ್ಣಯಗಳಲ್ಲಿ ನೀವು ಹುಡುಕುವ ಕೈಚಳಕವಿದೆ. ಮಕ್ಕಳ ಗೊಂಬೆಯನ್ನು ತೆರೆ ಒಯ್ದರೆ ಆಟ ಮುಗಿಯಿತು. ಆನಾ ಅವರಿಗೆ ತೆರೆ ಒಯ್ಯುವುದೇ ಕೃತಿಯ ಮುಖ್ಯ ಭಾಗ.

ಪ್ರಶ್ನೆ: ನಾವು ದೀವರು. ಭೂಮಿ ಹುಣ್ಣಿಮೆಯ ದಿನ ಭೂಮಿಯನ್ನು ಬಸುರಿ ಎಂದು ತಿಳಿದು ಬಯಕೆ ಹಾಕುತ್ತೇವೆ. ನನ್ನ ಅಜ್ಜಿ, ನನ್ನ ಅವ್ವ, ನಾನು ಎಲ್ಲರೂ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆದವರೇ. ಮಣ್ಣನ್ನೂ ಹೆಣ್ಣನ್ನೂ ಒಂದೇ ಎಂದು ತೋರಿಸಲು ಕ್ಯೂಬಾದವರ ಉದಾಹರಣೆ ನಮಗೆ ಏಕೆ ಬೇಕು?
— ಕೃಷಿಕ ಮಹಿಳೆ, ಸಿದ್ದಾಪುರ ತಾಲ್ಲೂಕು

ಉತ್ತರ: ಅಮ್ಮಾ, ಬಂದ ಪತ್ರಗಳಲ್ಲೆಲ್ಲ ನನ್ನನ್ನು ಹೆಚ್ಚು ದಿನ ಯೋಚನೆಗೆ ಹಚ್ಚಿದ್ದು ನಿಮ್ಮದು. ಕರಾವಳಿಯ ಓದುಗರಿಗಾಗಿ ಒಂದು ಮಾತು ಸೇರಿಸಬೇಕು: ಆಶ್ವೀಜದ ಹುಣ್ಣಿಮೆಯ ಹೊತ್ತಿಗೆ ಗದ್ದೆಯ ಭತ್ತ ಹೊಡೆ ತುಂಬಿ ನಿಂತಿರುತ್ತದೆ. ಆಗ ದೀವರ ಮನೆಯ ಹೆಂಗಸರು ಬಿದಿರಿನ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಯ ಹಿಟ್ಟಿನ ಬಿಳಿಯಿಂದ ಅದರ ಮೇಲೆ ಎಳೆ ಎಳೆಯಾಗಿ ಚಿತ್ತಾರ ಬರೆಯುತ್ತಾರೆ. ರಾತ್ರಿಯೆಲ್ಲ ಎದ್ದಿದ್ದು ಸೊಪ್ಪು ತರಕಾರಿಗಳ ಅಡುಗೆ ಮಾಡುತ್ತಾರೆ. ಬೆಳಗಾಗುವ ಮುಂಚೆ ಗಂಡಸರು ಆ ಬುಟ್ಟಿಯನ್ನು ಹೊತ್ತು ಗದ್ದೆಗೆ ಹೋಗಿ ಬಸುರಿ ಭೂಮಿಗೆ ಚರಗ ಚೆಲ್ಲುತ್ತಾರೆ. ಪುಂಡಿನಾರಿನ ಕುಂಚದಿಂದ ಕೂದಲೆಳೆಯಷ್ಟು ತೆಳ್ಳಗೆ ಗೆರೆ ಎಳೆಯುವ ಆ ಕೈಗಳ ಬಗ್ಗೆ ನನಗಿರುವ ಗೌರವ ಯಾವ ದೇಶದ ಕಲಾವಿದೆಯ ಬಗ್ಗೆ ಇರುವುದಕ್ಕಿಂತಲೂ ಕಡಿಮೆಯದಲ್ಲ.

ಆದರೆ ಈ ಆಚರಣೆಯನ್ನೇ ಇನ್ನೊಮ್ಮೆ ನೋಡಿರಿ. ಬುಟ್ಟಿಗೆ ಚಿತ್ತಾರ ಬರೆಯುವವರು ನೀವು, ಗದ್ದೆಗೆ ಒಯ್ಯುವವರು ಗಂಡಸರು. ಭೂಮಿಯನ್ನು ತಾಯಿ ಎನ್ನುತ್ತೇವೆ, ಬಸುರಿ ಎನ್ನುತ್ತೇವೆ. ಅದೇ ಭೂಮಿಯ ಪಹಣಿಯಲ್ಲಿ ನಿಮ್ಮ ಅಜ್ಜಿಯ ಹೆಸರಿತ್ತೇ, ಅವ್ವನ ಹೆಸರಿತ್ತೇ? ಈ ಪ್ರಶ್ನೆ ನಿಮ್ಮೊಬ್ಬರ ಮನೆಯದಲ್ಲ. ತೋಟವಿರುವ ನಮ್ಮ ಮನೆಗಳಲ್ಲಿಯೂ ಉತ್ತರ ಬೇರೆಯಾಗಿರಲಿಲ್ಲ. ಹೆಣ್ಣು ಮತ್ತು ಮಣ್ಣು ಒಂದೇ ಎಂಬ ಮಾತು ಎಷ್ಟು ಮಧುರವೋ ಅಷ್ಟೇ ಅಪಾಯದ್ದು ಕೂಡ. ಉಳುವುದು, ಬಿತ್ತುವುದು, ಕೊಯ್ಯುವುದು, ಮಾರುವುದು ಎಲ್ಲವನ್ನೂ ಸುಮ್ಮನೆ ಸಹಿಸುವುದು ಇಬ್ಬರ ಧರ್ಮವೆಂದು ಅದೇ ಮಾತಿನಿಂದ ಹೇಳಿಬಿಡಬಹುದು. ಇದೇ ಕಾರಣಕ್ಕೆ 1980ರ ದಶಕದಲ್ಲಿ ಕೆಲವು ಸ್ತ್ರೀವಾದಿ ವಿಮರ್ಶಕರು ಆನಾ ಅವರ ಕೆಲಸದ ಬಗ್ಗೆಯೂ ಅಸಮಾಧಾನ ಪಟ್ಟರು. ಹೆಣ್ಣನ್ನು ಪ್ರಕೃತಿಯೊಂದಿಗೆ ಸೇರಿಸಿ ಕಟ್ಟಿಹಾಕಿದ ಹಳೆಯ ಕಟ್ಟನ್ನೇ ಇವರೂ ಬಿಗಿ ಮಾಡುತ್ತಿದ್ದಾರೆ ಎಂಬುದು ಅವರ ಆಕ್ಷೇಪವಾಗಿತ್ತು.

ನಾನು ಆ ಆಕ್ಷೇಪವನ್ನು ಪೂರ್ತಿ ಒಪ್ಪುವುದಿಲ್ಲ. ಸಿಲುಯೇಟಾಗಳನ್ನು ಒಂದರ ನಂತರ ಒಂದು ನೋಡುತ್ತ ಹೋದರೆ ಅವುಗಳಲ್ಲಿ ಕಾಣುವುದು ಫಲವತ್ತಾದ ತಾಯಿಗಿಂತ ಹೆಚ್ಚಾಗಿ, ಇಲ್ಲಿ ಒಬ್ಬಳು ಇದ್ದಳು, ಈಗ ಇಲ್ಲ ಎಂಬ ಖಾಲಿ ಜಾಗ. ಭೂಮಿ ಹುಣ್ಣಿಮೆಯ ಭೂಮಿ ನಿಮ್ಮದು. ತಲೆಮಾರುಗಳಿಂದ ಅದೇ ಗದ್ದೆ, ಅದೇ ಹಾಳಿ. ಆನಾ ಅವರಿಗೆ ಅಂಥ ಗದ್ದೆಯೊಂದು ಇರಲಿಲ್ಲ, ಆದ್ದರಿಂದಲೇ ಸಿಕ್ಕ ಸಿಕ್ಕ ನೆಲದ ಮೇಲೆ ತನ್ನ ಅಳತೆಯನ್ನು ಒತ್ತಿ, ನಾನು ಇಲ್ಲಿಯವಳಾಗಬಲ್ಲೆನೇ ಎಂದು ಮತ್ತೆ ಮತ್ತೆ ಕೇಳಿದರು. ನಿಮ್ಮದು ಸಂಬಂಧದ ಆಚರಣೆ, ಅವರದು ಸಂಬಂಧ ಕಡಿದುಹೋದ ಮೇಲಿನ ಹುಡುಕಾಟ. ಅವರ ಉದಾಹರಣೆ ನಿಮಗೆ ಚಿತ್ತಾರ ಬರೆಯುವುದನ್ನು ಕಲಿಸಲಾರದು, ಕಲಿಸಬೇಕಾಗಿಯೂ ಇಲ್ಲ. ಆದರೆ ಬುಟ್ಟಿ ಬರೆದ ಕೈ ಯಾರದು ಎಂದು ಬುಟ್ಟಿಯ ಪಕ್ಕದಲ್ಲಿ ಬರೆದಿಡುವ ಧೈರ್ಯವನ್ನು ಅದು ಕೊಡಬಹುದು ಎಂದು ನಂಬಿದ್ದೇನೆ. ಮುಂದಿನ ಹುಣ್ಣಿಮೆಗೆ ನೀವು ಬರೆಯುವ ಬುಟ್ಟಿಯ ಚಿತ್ರವನ್ನು ನಿಮ್ಮ ಹೆಸರಿನೊಂದಿಗೆ ನಮಗೆ ಕಳುಹಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಪ್ರಶ್ನೆ: ಈ ಕಲಾವಿದೆ ರಕ್ತವನ್ನು ಬಳಸುತ್ತಿದ್ದರಂತೆ, ವಿವಸ್ತ್ರರಾಗಿ ಕಾಣಿಸಿಕೊಳ್ಳುತ್ತಿದ್ದರಂತೆ. ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಇಂಥವರನ್ನು ಪರಿಚಯಿಸುವುದು ಸರಿಯೇ?
— ಹಿರಿಯ ಓದುಗರು, ಶಿರಸಿ

ಉತ್ತರ: ಎರಡೂ ನಿಜ, ಮುಚ್ಚಿಡುವುದಿಲ್ಲ. ರಕ್ತ ಮಾಂಸದಂಗಡಿಯಿಂದ ತಂದ ಪ್ರಾಣಿಯ ರಕ್ತ. ಅದನ್ನು ಏಕೆ ತಂದರು ಎಂಬುದನ್ನು ಹೇಳುತ್ತೇನೆ, ಆಮೇಲೆ ತಾವೇ ತೀರ್ಮಾನಿಸಿರಿ.

1973ರ ವಸಂತದಲ್ಲಿ, ಆನಾ ಇನ್ನೂ ಓದು ಮುಂದುವರಿಸಿದ್ದ ವಿಶ್ವವಿದ್ಯಾಲಯದ ಆವರಣದಲ್ಲಿಯೇ ವಿದ್ಯಾರ್ಥಿನಿಯೊಬ್ಬಳ ಮೇಲೆ ಅತ್ಯಾಚಾರ ನಡೆದು ಅವಳ ಕೊಲೆಯಾಯಿತು. ಊರು ಕೆಲವು ದಿನ ಆ ಬಗ್ಗೆ ಮಾತನಾಡಿತು. ಆನಾ ತನ್ನ ಸಹಪಾಠಿಗಳನ್ನು ಮನೆಗೆ ಬರಹೇಳಿದರು. ಬಂದವರಿಗೆ ಅರೆ ತೆರೆದ ಬಾಗಿಲಿನಾಚೆ, ಮೇಜಿನ ಮೇಲೆ ಬಾಗಿಸಿ ಕಟ್ಟಿದ ಸ್ಥಿತಿಯಲ್ಲಿ, ರಕ್ತ ಮೆತ್ತಿಕೊಂಡು ಅಲುಗಾಡದೆ ನಿಂತಿದ್ದ ಆನಾ ಕಂಡರು. ಪತ್ರಿಕೆಯಲ್ಲಿ ಸುದ್ದಿಯಾಗಿ ಓದಿದ್ದನ್ನು ಪರಿಚಯದ ಒಬ್ಬಳ ಮೈಯಾಗಿ ನೋಡಬೇಕಾಗಿ ಬಂದಾಗ ಅವರು ಬಹಳ ಹೊತ್ತು ಅಲ್ಲಿಯೇ ಕುಳಿತು ಅದರ ಬಗ್ಗೆ ಮಾತನಾಡಿದರು. ಅದೇ ವರ್ಷ ಇನ್ನೊಂದು ಕೆಲಸ ಮಾಡಿದರು, ನನಗೆ ಅದು ಇನ್ನೂ ತೀಕ್ಷ್ಣವೆನಿಸುತ್ತದೆ. ತಾವಿದ್ದ ಕಟ್ಟಡದ ಬಾಗಿಲ ಕೆಳಗಿನಿಂದ ರಕ್ತ ಹರಿದು ಕಾಲುದಾರಿಗೆ ಬಂದಂತೆ ಸುರಿದು, ದಾಟಿ ಹೋಗುವವರನ್ನು ಮರೆಯಲ್ಲಿ ಕುಳಿತು ಕ್ಯಾಮೆರಾದಲ್ಲಿ ಹಿಡಿದರು. ಜನ ನೋಡಿದರು, ಒಂದು ಕ್ಷಣ ನಿಂತರು, ಮುಂದೆ ಹೋದರು. ಒಬ್ಬ ಹೆಂಗಸು ಛತ್ರಿಯ ತುದಿಯಿಂದ ಅದನ್ನು ತಿವಿದು ನೋಡಿದಳು. ಕೊನೆಗೆ ಒಬ್ಬಾತ ಬಂದು ಅದನ್ನು ಬಳಿದು ಸ್ವಚ್ಛಗೊಳಿಸಿದ. ಒಳಗೆ ಯಾರಿಗೆ ಏನಾಗಿದೆ ಎಂದು ಯಾರೂ ಬಾಗಿಲು ಬಡಿಯಲಿಲ್ಲ.

ಪಕ್ಕದ ಮನೆಯಲ್ಲಿ ರಾತ್ರಿ ಹೊಡೆತದ ಸದ್ದು ಕೇಳಿದಾಗ ನಮ್ಮ ಓಣಿಗಳಲ್ಲಿ ಎಷ್ಟು ಜನ ಬಾಗಿಲು ಬಡಿಯುತ್ತೇವೆ ಎಂಬುದನ್ನು ಮನೆಮಂದಿಯೆಲ್ಲ ಕುಳಿತು ಮಾತನಾಡಲು ಈ ಕೃತಿ ಕಾರಣವಾದರೆ ಪತ್ರಿಕೆಯ ಪುಟ ಸಾರ್ಥಕ. ವಿವಸ್ತ್ರತೆಯ ಬಗ್ಗೆ ಇಷ್ಟೇ ಹೇಳುವೆ: ಶತಮಾನಗಳಿಂದ ಗಂಡಸರು ಬರೆದ, ಕಡೆದ ನಗ್ನ ಸ್ತ್ರೀಯರನ್ನು ನಾವು ಗುಡಿಯ ಗೋಡೆಯ ಮೇಲೂ ಗ್ರಂಥಾಲಯದ ಪುಸ್ತಕದಲ್ಲೂ ಸಂಕೋಚವಿಲ್ಲದೆ ನೋಡಿದ್ದೇವೆ. ಆನಾ ತನ್ನ ಮೈಯನ್ನು ತಾನೇ, ತನ್ನ ಕಾರಣಕ್ಕೆ, ಮಣ್ಣು ಬಳಿದುಕೊಂಡು ತೋರಿಸಿದರು. ಸಿಲುಯೇಟಾಗಳ ಹೆಚ್ಚಿನ ಭಾಗದಲ್ಲಂತೂ ಮೈಯೇ ಇಲ್ಲ.

ಪ್ರಶ್ನೆ: ಮದ್ದಿನ ಪುಡಿ ಸುಡುವುದು, ನೆಲ ತೋಡುವುದು ಪರಿಸರಕ್ಕೆ ಹಾನಿಯಲ್ಲವೇ?
— ಓದುಗರು, ಕುಮಟಾ

ಉತ್ತರ: ಸುಟ್ಟ ಜಾಗದಲ್ಲಿ ಹುಲ್ಲು ಕರಕಲಾಗಿದ್ದು ನಿಜ. ಆದರೆ ಅದೇ ಕಾಲದಲ್ಲಿ ಅಮೆರಿಕದ ಗಂಡು ಕಲಾವಿದರು ‘ಭೂಕಲೆ’ ಎಂಬ ಹೆಸರಿನಲ್ಲಿ ಏನು ಮಾಡುತ್ತಿದ್ದರು ಎಂಬುದನ್ನು ಜೊತೆಗಿಟ್ಟು ನೋಡಬೇಕು. ಮೈಕೆಲ್ ಹೈಝರ್ 1969ರಲ್ಲಿ ನೆವಾಡಾದ ಮರುಭೂಮಿಯಲ್ಲಿ ಸುಮಾರು 2,40,000 ಟನ್ ಕಲ್ಲುಮಣ್ಣನ್ನು ಸರಿಸಿ ಎರಡು ಕಂದಕಗಳನ್ನು ತೋಡಿಸಿದರು. ರಾಬರ್ಟ್ ಸ್ಮಿತ್ಸನ್ 1970ರಲ್ಲಿ ಯೂಟಾದ ಉಪ್ಪುನೀರಿನ ಸರೋವರದೊಳಗೆ ಯಂತ್ರಗಳಿಂದ ಕಲ್ಲು ಸುರಿಸಿ 1,500 ಅಡಿ ಉದ್ದದ ಸುರುಳಿ ದಿಣ್ಣೆ ಕಟ್ಟಿದರು. ಆನಾ ಅವರ ಆಯುಧಗಳು ಕೈ, ಸಲಿಕೆ, ಬೆಂಕಿಕಡ್ಡಿ. ಅವರ ಅಳತೆ ಒಂದು ಮೈಯಷ್ಟು. ಅದನ್ನು ‘ಭೂ-ದೇಹ’ ಕೆಲಸ ಎಂದು ಅವರು ಬೇರೆಯಾಗಿಯೇ ಕರೆದುಕೊಂಡರು.

1976ರಲ್ಲಿ ಅಯೋವಾದ ಹಳ್ಳವೊಂದರ ಬಳಿ ಮೈಗೆಲ್ಲ ಕೆಸರು, ಹುಲ್ಲು ಬಳಿದುಕೊಂಡು, ಕೈಗಳನ್ನು ಮೇಲೆತ್ತಿ, ದೊಡ್ಡ ಮರದ ಕಾಂಡಕ್ಕೆ ಬೆನ್ನು ಹಚ್ಚಿ ನಿಂತ ಅವರ ಛಾಯಾಚಿತ್ರವೊಂದಿದೆ. ಮರ ಯಾವುದು ಮೈ ಯಾವುದು ಎಂದು ಗುರುತಿಸಲು ಕಣ್ಣಿಗೆ ಸ್ವಲ್ಪ ಹೊತ್ತು ಬೇಕಾಗುತ್ತದೆ. ಅದನ್ನು ನೋಡುವಾಗಲೆಲ್ಲ ನನಗೆ 1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಬಳಿಯ ಸಾಲ್ಕಣಿ ಕಾಡಿನಲ್ಲಿ ಶುರುವಾದ ಅಪ್ಪಿಕೊ ಚಳವಳಿ ನೆನಪಾಗುತ್ತದೆ. ನಮ್ಮ ಹೆಂಗಸರೂ ಗಂಡಸರೂ ಮರವನ್ನು ಅಪ್ಪಿ ನಿಂತದ್ದು ಕೊಡಲಿಗೆ ಅಡ್ಡವಾಗಲೆಂದು. ಆನಾ ನಿಂತದ್ದು ಮರದೊಳಗೆ ಕಾಣೆಯಾಗಲೆಂದು. ಉದ್ದೇಶ ಬೇರೆಯಾದರೂ ತೊಗಟೆಯ ಒರಟು ಮೈಗೆ ತಾಗುವಷ್ಟು ಹತ್ತಿರ ಹೋಗಬೇಕು ಎಂಬ ಅಗತ್ಯ ಎರಡಕ್ಕೂ ಸಮಾನ.

ಪ್ರಶ್ನೆ: ಕಾಲೇಜಿನ ಯೋಜನೆಗಾಗಿ ಹಾಲಕ್ಕಿ ಅಜ್ಜಿಯರಂತೆ ಸೀರೆಯುಟ್ಟು, ಮಣಿಸರಗಳನ್ನು ಹಾಕಿಕೊಂಡು, ಕಾಡಿನಲ್ಲಿ ಮತ್ತು ಗಜನಿ ಗದ್ದೆಯಲ್ಲಿ (ಉಪ್ಪುನೀರು ಬರುವ ಕರಾವಳಿಯ ಗದ್ದೆ) ಮಲಗಿ ಛಾಯಾಚಿತ್ರ ತೆಗೆಸಿಕೊಳ್ಳಬೇಕೆಂದಿದ್ದೇನೆ. ನಾನು ಹಾಲಕ್ಕಿ ಸಮುದಾಯದವಳಲ್ಲ. ಇದು ತಪ್ಪೇ?
— ವಿದ್ಯಾರ್ಥಿನಿ, ಅಂಕೋಲಾ

ಉತ್ತರ: ತಂಗಿ, ಕೇಳಿಕೊಂಡು ಮುಂದಡಿ ಇಡುತ್ತಿರುವುದಕ್ಕೆ ಸಂತೋಷವಾಯಿತು. ಆನಾ ಅವರಿಗೂ ಈ ಪ್ರಶ್ನೆ ಎದುರಾಗುತ್ತದೆ, ಮತ್ತು ಅವರ ವಿಷಯದಲ್ಲಿಯೂ ಉತ್ತರ ಸುಲಭದ್ದಲ್ಲ. ಅವರದು ಕ್ಯೂಬಾದ ಪ್ರತಿಷ್ಠಿತ ಬಿಳಿಯ ಮನೆತನ; ಅವರ ಬಂಧುವೊಬ್ಬರು 1930ರ ದಶಕದಲ್ಲಿ ದೇಶದ ಅಧ್ಯಕ್ಷರಾಗಿದ್ದವರು. ಅಂಥ ಮನೆಯ ಮಗಳು ಆಫ್ರಿಕದಿಂದ ಗುಲಾಮರಾಗಿ ಬಂದವರ ಸಾಂತೇರಿಯಾ ಆಚರಣೆಗಳಿಂದಲೂ, ಸ್ಪೇನಿನವರು ಬರುವ ಮುಂಚೆ ಆ ದ್ವೀಪದಲ್ಲಿದ್ದ ತಾಯ್ನೊ ಜನರ ದೇವತೆಗಳಿಂದಲೂ ಪ್ರೇರಣೆ ಪಡೆದರು. ಇನ್ನೊಂದು ಕಡೆ, ಅಯೋವಾದ ಶಾಲೆಯಲ್ಲಿ ಅದೇ ಹುಡುಗಿಯನ್ನು ಬಣ್ಣದವಳೆಂದು ಹೀಯಾಳಿಸಿದರು. ಅಲ್ಲಿಂದ ಮುಂದೆ ತಾನು ಬಿಳಿಯರ ಗುಂಪಿಗೆ ಸೇರಿದವಳಲ್ಲ ಎಂದೇ ಅವರು ತಿಳಿದುಕೊಂಡರು. ನೋವು ನಿಜವಾದದ್ದು ಎಂದಮಾತ್ರಕ್ಕೆ ಬೇರೆಯವರ ದೇವರನ್ನು ಎತ್ತಿಕೊಳ್ಳುವ ಹಕ್ಕು ಬರುತ್ತದೆಯೇ ಎಂದು ಇಂದು ಕೇಳುವವರಿದ್ದಾರೆ, ಮತ್ತು ಕೇಳುವುದು ನ್ಯಾಯವೇ.

ನಿನ್ನ ವಿಷಯಕ್ಕೆ ಬರೋಣ. 2021ರ ನವೆಂಬರ್‌ನಲ್ಲಿ ನಿಮ್ಮ ತಾಲ್ಲೂಕಿನ, ಹಾಲಕ್ಕಿ ಸಮುದಾಯದ ತುಳಸಿ ಗೌಡ ಅವರು ಬರಿಗಾಲಿನಲ್ಲಿ, ತಮ್ಮ ಉಡುಗೆಯಲ್ಲಿಯೇ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ಸ್ವೀಕರಿಸಿದ ಚಿತ್ರ ದೇಶದಲ್ಲೆಲ್ಲ ಓಡಾಡಿತು. ಜನ ಹೆಚ್ಚಾಗಿ ನೋಡಿದ್ದು ಪಾದವನ್ನು ಮತ್ತು ಮಣಿಸರವನ್ನು. ಯಾವ ಮರದ ಬೀಜವನ್ನು ಯಾವಾಗ ಆರಿಸಬೇಕು, ಹೇಗೆ ಮೊಳಕೆ ಬರಿಸಬೇಕು ಎಂದು ಅರಣ್ಯ ಇಲಾಖೆಯ ಸಸ್ಯಪಾಲನೆಯಲ್ಲಿ ಜೀವಮಾನವಿಡೀ ಗಳಿಸಿದ ಅವರ ಜ್ಞಾನದ ಬಗ್ಗೆ ಮಾತನಾಡಿದವರು ಅದಕ್ಕಿಂತ ಕಡಿಮೆ. 2024ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. 2025ರ ಫೆಬ್ರವರಿಯಲ್ಲಿ ಹಾಲಕ್ಕಿ ಹಾಡುಗಳ ಕಣಜವಾಗಿದ್ದ, ಮದ್ಯದ ವಿರುದ್ಧ ಹೋರಾಡಿದ ಸುಕ್ರಿ ಬೊಮ್ಮಗೌಡ ಅವರೂ ಹೋದರು. ಅವರ ಉಡುಗೆಯನ್ನು ನೀನು ತೊಟ್ಟು ಮಲಗಿದರೆ ಚಿತ್ರದಲ್ಲಿ ಉಳಿಯುವುದು ಮತ್ತೆ ಆ ಉಡುಗೆಯೇ, ಅದೂ ಅದನ್ನು ದಿನವೂ ಉಡದ ಮೈಯ ಮೇಲೆ. ಆದ್ದರಿಂದ ಬೇಡ ಎಂದೇ ಹೇಳುತ್ತೇನೆ.

ಬದಲಾಗಿ, ನಿನ್ನ ಮನೆಯ ಹೆಂಗಸರ ಮೈ ಯಾವ ನೆಲಕ್ಕೆ ಯಾವ ಭಂಗಿಯಲ್ಲಿ ತಾಗುತ್ತದೆ ಎಂದು ಒಂದು ವಾರ ನೋಡು. ಬಾವಿಕಟ್ಟೆಯ ಮೇಲೆ ಮೊಣಕೈ ಊರಿದ ಜಾಗ, ಮೀನು ಕೊಯ್ಯಲು ಕುಕ್ಕರುಗಾಲಿನಲ್ಲಿ ಕುಳಿತ ಜಾಗ, ನಟ್ಟಿಯ ದಿನ ಗಜನಿಯ ಕೆಸರಿನಲ್ಲಿ ಇಳಿದ ಹಿಮ್ಮಡಿಯ ಗುರುತು. ಹಾಲಕ್ಕಿ ಅಜ್ಜಿಯೊಬ್ಬರ ಜೊತೆಗೇ ಕೆಲಸ ಮಾಡುವ ಮನಸ್ಸಿದ್ದರೆ, ಮೊದಲು ಅವರ ಮನೆಗೆ ಹೋಗಿ, ಕ್ಯಾಮೆರಾ ಇಲ್ಲದೆ ನಾಲ್ಕಾರು ಸಲ ಕುಳಿತು, ಅವರು ಒಪ್ಪಿದರೆ ಅವರ ಹೆಸರನ್ನೂ ನಿನ್ನ ಹೆಸರಿನ ಜೊತೆ ಸಮನಾಗಿ ಹಾಕು. ಗಜನಿಯ ಅಂಚಿನ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳನ್ನು ಮಾತ್ರ ಚಿತ್ರಕ್ಕಾಗಿ ಮುರಿಯಬೇಡ.

ಪ್ರಶ್ನೆ: ಆನಾ ಅವರ ಜೊತೆ ಕೆಲಸ ಮಾಡಿದ ಭಾರತೀಯರು ಇದ್ದರೇ? ಕನ್ನಡ ನಾಡಿನಲ್ಲಿ ಇಂಥ ಕಲೆ ಮಾಡಿದವರಿದ್ದಾರೆಯೇ?
— ಓದುಗರು, ಹೊನ್ನಾವರ

ಉತ್ತರ: ಇದ್ದರು. 1937ರಲ್ಲಿ ಅಲಿಗಢದಲ್ಲಿ ಹುಟ್ಟಿ, ದೇಶವಿಭಜನೆಯಲ್ಲಿ ಕುಟುಂಬ ಚದುರಿಹೋಗಿ, ಕೊನೆಗೆ ನ್ಯೂಯಾರ್ಕಿನಲ್ಲಿ ನೆಲೆಸಿದ ಝರೀನಾ ಹಾಶ್ಮಿ ಅವರು ಆನಾ ಮತ್ತು ಜಪಾನ್ ಮೂಲದ ಕಝುಕೊ ಮಿಯಾಮೊಟೊ ಅವರೊಂದಿಗೆ ಸೇರಿ 1980ರಲ್ಲಿ ನ್ಯೂಯಾರ್ಕಿನ ಎ.ಐ.ಆರ್. ಗ್ಯಾಲರಿಯಲ್ಲಿ ಒಂದು ಪ್ರದರ್ಶನವನ್ನು ಏರ್ಪಡಿಸಿದರು. ಎ.ಐ.ಆರ್. 1972ರಲ್ಲಿ ಹೆಂಗಸರೇ ಸೇರಿ ಕಟ್ಟಿಕೊಂಡ ಸಹಕಾರಿ ಗ್ಯಾಲರಿ. ಆದರೆ ಅಲ್ಲಿಯೂ ಸ್ತ್ರೀವಾದವೆಂದರೆ ಬಿಳಿಯ ಮಧ್ಯಮವರ್ಗದ ಸ್ತ್ರೀಯರ ಮಾತಾಗಿಯೇ ಉಳಿದಿದೆ ಎಂದು ಆ ಪ್ರದರ್ಶನದ ಮುನ್ನುಡಿಯಲ್ಲಿ ಆನಾ ನೇರವಾಗಿ ಬರೆದರು. ಎಂಟು ಜನ ಕಲಾವಿದೆಯರ ಕೃತಿಗಳು ಅಲ್ಲಿದ್ದವು. ಝರೀನಾ ಅವರದೂ ಇತ್ತು. ಕಳೆದುಹೋದ ಮನೆಯ ನೆಲನಕ್ಷೆಯನ್ನು ಮರದಚ್ಚಿನಲ್ಲಿ ಕೊರೆದು ಕಾಗದಕ್ಕೆ ಒತ್ತಿದ ಝರೀನಾ, ಕಳೆದುಹೋದ ನೆಲಕ್ಕೆ ಮೈಯನ್ನು ಒತ್ತಿದ ಆನಾ, ಇವರಿಬ್ಬರೂ ಒಂದೇ ಕೋಣೆಯಲ್ಲಿ ಕುಳಿತು ಕೃತಿಗಳನ್ನು ಆರಿಸುತ್ತಿದ್ದದ್ದನ್ನು ಕಲ್ಪಿಸಿಕೊಂಡರೆ ನನಗೆ ಈಗಲೂ ಮೈ ಝುಂ ಎನ್ನುತ್ತದೆ.

ಕನ್ನಡ ನಾಡಿನಲ್ಲಿ ಮೊದಲು ನೆನಪಿಗೆ ಬರುವವರು 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ. ಅವರೂ ಚಿತ್ರಕಲೆಯಿಂದ ಆರಂಭಿಸಿ 1990ರ ದಶಕದಲ್ಲಿ ಸಗಣಿಯನ್ನೇ ಕಲೆಯ ಸಾಮಗ್ರಿಯಾಗಿ ತೆಗೆದುಕೊಂಡರು. ಸೂಜಿಗಳ ಕಣ್ಣಿನೊಳಗೆ ಉದ್ದುದ್ದ ದಾರ ಪೋಣಿಸಿ, ಕುಂಕುಮ ಮತ್ತು ಅಂಟಿನಿಂದ ಅದನ್ನು ಹೊಸೆದು ಕೆಂಪು ಹಗ್ಗವಾಗಿಸಿ ಕೋಣೆಯ ತುಂಬ ಹರಿಯಬಿಟ್ಟ ಅವರ ಕೃತಿಯಲ್ಲಿ ಮೈ ಕಾಣಿಸುವುದಿಲ್ಲ, ಮೈಗೆ ಆದ ನೋವು ಮತ್ತು ಹೆಂಗಸರ ಕೈಕೆಲಸದ ದಣಿವು ಕಾಣಿಸುತ್ತವೆ.

ಪ್ರಶ್ನೆ: ಅವರು ಹೇಗೆ ತೀರಿಕೊಂಡರು? ಕೊಲೆಯೆಂದು ಕೇಳಿದ್ದೇನೆ.
— ಓದುಗರು, ಕಾರವಾರ

ಉತ್ತರ: 1985ರ ಸೆಪ್ಟೆಂಬರ್ 8ರಂದು, ಮೂವತ್ತಾರನೆಯ ವಯಸ್ಸಿನಲ್ಲಿ, ನ್ಯೂಯಾರ್ಕಿನ ಮನೆಯ ಮೂವತ್ತನಾಲ್ಕನೆಯ ಮಹಡಿಯಿಂದ ಬಿದ್ದು ತೀರಿಕೊಂಡರು. ಆಗ ಮನೆಯಲ್ಲಿದ್ದವರು, ಅದೇ ವರ್ಷ ಅವರನ್ನು ಮದುವೆಯಾಗಿದ್ದ ಶಿಲ್ಪಿ ಕಾರ್ಲ್ ಆಂದ್ರೆ ಮಾತ್ರ. ಅವರ ಮೇಲೆ ಕೊಲೆಯ ಆರೋಪದ ವಿಚಾರಣೆ ನಡೆದು 1988ರಲ್ಲಿ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು. 1992ರಲ್ಲಿ ನ್ಯೂಯಾರ್ಕಿನ ಗುಗೆನ್‌ಹೈಮ್ ಸಂಗ್ರಹಾಲಯದ ಹೊಸ ಶಾಖೆಯೊಂದು ಆಂದ್ರೆ ಅವರ ಕೃತಿಗಳೊಂದಿಗೆ ತೆರೆದಾಗ, ಆನಾ ಎಲ್ಲಿ ಎಂದು ಕೇಳುತ್ತ ಹೆಂಗಸರು ಅದರ ಮುಂದೆ ನೆರೆದರು. ಸಾವಿನ ಕಥೆ ಕೃತಿಗಳನ್ನು ನುಂಗದಿರಲಿ ಎಂದು ಈ ಉತ್ತರವನ್ನು ಇಷ್ಟಕ್ಕೇ ನಿಲ್ಲಿಸುತ್ತೇನೆ.

ಪ್ರಶ್ನೆ: ನಾನು ಹುಟ್ಟುವ ಮುಂಚೆಯೇ ನಮ್ಮ ಊರು ದೊಡ್ಡ ಯೋಜನೆಯೊಂದಕ್ಕೆ ಹೋಯಿತು. ಈಗ ಪುನರ್ವಸತಿ ಕಾಲೊನಿಯಲ್ಲಿದ್ದೇವೆ. ಹಳೆಯ ಮನೆಯ ಜಾಗಕ್ಕೆ ಒಳಗೆ ಬಿಡುವುದಿಲ್ಲ. ಅಜ್ಜಿ ಇಂದಿಗೂ ದಿಕ್ಕು ಹೇಳುವಾಗ ಹಳೆಯ ಮನೆಯ ತುಳಸಿಕಟ್ಟೆಯಿಂದಲೇ ಹೇಳುತ್ತಾರೆ. ನಿಮ್ಮ ಟಿಪ್ಪಣಿ ಓದಿದ ಮೇಲೆ ಅಜ್ಜಿಯ ಜೊತೆ ಕಡಲತೀರದಲ್ಲಿ ಏನಾದರೂ ಮಾಡಬೇಕೆನಿಸಿದೆ. ಆ ಜಾಗಕ್ಕೆ ಹೋಗದೆ ಅಂಥದ್ದನ್ನು ಮಾಡಿದರೆ ಅರ್ಥವಿರುತ್ತದೆಯೇ? ಹೇಗೆ ಶುರುಮಾಡಲಿ?
— ಯುವತಿ, ಕಾರವಾರ ತಾಲ್ಲೂಕು

ಉತ್ತರ: ಅರ್ಥವಿರುತ್ತದೆ. ಆನಾ ತನ್ನ ಸಿಲುಯೇಟಾಗಳಲ್ಲಿ ಹೆಚ್ಚಿನವನ್ನು ಮಾಡಿದ್ದು ಕ್ಯೂಬಾದಿಂದ ಸಾವಿರಕ್ಕೂ ಹೆಚ್ಚು ಮೈಲಿ ದೂರದ ಹಳ್ಳದಂಡೆಗಳಲ್ಲಿ, ಪರಕೀಯವಾದ ಮಣ್ಣಿನಲ್ಲಿ. ಹತ್ತೊಂಬತ್ತು ವರ್ಷಗಳ ನಂತರ, 1980ರಲ್ಲಿ, ಅವರಿಗೆ ಊರಿಗೆ ಹೋಗಿಬರಲು ಸಾಧ್ಯವಾಯಿತು; 1981ರಲ್ಲಿ ಹವಾನಾದ ಹೊರಗಿನ ಹಾರುಕೊ ಗುಡ್ಡಗಳ ಸುಣ್ಣಕಲ್ಲಿನ ಗವಿಗಳಲ್ಲಿ ಹೆಣ್ಣಿನ ಆಕಾರಗಳನ್ನು ಕೊರೆದು, ಅವುಗಳಿಗೆ ತಾಯ್ನೊ ದೇವತೆಗಳ ಹೆಸರಿಟ್ಟರು. ಅಲ್ಲಿಯವರೆಗೆ ಮರಳು, ಕೆಸರು, ಹಿಮಗಳಲ್ಲಿ ಕರಗಿಹೋಗುವ ಗುರುತುಗಳನ್ನೇ ಹೆಚ್ಚಾಗಿ ಮಾಡಿದವರು ಸ್ವಂತ ನೆಲ ಸಿಕ್ಕಿದಾಗ ಕಲ್ಲನ್ನು ಆರಿಸಿಕೊಂಡರು ಎಂಬುದು ನನಗೆ ಬಹಳ ಮುಖ್ಯವೆನಿಸುತ್ತದೆ. ನಿಮಗೆ ಕಲ್ಲು ಇನ್ನೂ ಸಿಕ್ಕಿಲ್ಲ, ಮರಳು ಇದೆ. ಮರಳಿನಿಂದ ಶುರುಮಾಡಿರಿ.

ಅಜ್ಜಿಯನ್ನು ಮರಳಿನ ಮೇಲೆ ಮಲಗಿಸಬೇಕಾಗಿಲ್ಲ. ವಯಸ್ಸಾದವರಿಗೆ ತೇವದ ಮರಳಿನಿಂದ ಏಳುವುದು ಕಷ್ಟ. ಮನೆಯಲ್ಲಿಯೇ ಅವರು ಮಲಗುವ ಚಾಪೆಯ ಮೇಲೆ, ಹಳೆಯ ಸೀರೆಯೊಂದನ್ನು ಹಾಸಿ, ಅವರು ಎಂದಿನಂತೆ ಒರಗಿದಾಗ ಸುತ್ತ ಸುಣ್ಣದ ಕಡ್ಡಿಯಿಂದ ಗೆರೆ ಎಳೆಯಿರಿ, ಆಮೇಲೆ ಆ ಗೆರೆಯಂತೆ ರಟ್ಟಿನಲ್ಲಿ ಅಚ್ಚು ಕತ್ತರಿಸಿಕೊಳ್ಳಿರಿ. ಬಣ್ಣಕ್ಕೆ ಕೆಮ್ಮಣ್ಣು ಸಾಕು, ರಾಸಾಯನಿಕ ಬಣ್ಣ ನೀರಿಗೆ ಬೇಡ. ಆಮೆ ಮೊಟ್ಟೆಯಿಡುವ ತಿಂಗಳುಗಳಲ್ಲಿ ಗೂಡುಗಳಿಗೆ ಗುರುತು ಹಾಕಿದ ಭಾಗದಿಂದ ದೂರವಿರಿ, ಮಳೆಗಾಲದ ಕಡಲಿಗಂತೂ ಇಳಿಯಬೇಡಿರಿ. ಉಬ್ಬರದ ಸಮಯ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತದೆಂಬುದು ನಿಮಗೆ ಗೊತ್ತೇ ಇರುತ್ತದೆ. ನೀರು ಏರತೊಡಗುವ ಎರಡು ಗಂಟೆ ಮೊದಲು ಹೋಗಿ, ಫೋನನ್ನು ಒಂದು ಕೋಲಿಗೆ ಕಟ್ಟಿ ಒಂದೇ ಕಡೆ ನೆಟ್ಟು, ಹತ್ತು ನಿಮಿಷಕ್ಕೊಂದು ಚಿತ್ರ ತೆಗೆಯಿರಿ. ಅಜ್ಜಿ ಬೇಡವೆಂದರೆ, ಅಥವಾ ನಡುವೆ ಅಳು ಬಂದು ಸಾಕೆಂದರೆ, ಅಲ್ಲಿಗೇ ನಿಲ್ಲಿಸಿರಿ.

ಆಕಾರ ತೋಡುವ ಮುನ್ನ ಒಂದು ಮಾತು ಅವರನ್ನೇ ಕೇಳಬೇಕು. ಹಳೆಯ ಮನೆಯಲ್ಲಿ ಅವರು ತಲೆ ಯಾವ ದಿಕ್ಕಿಗೆ ಹಾಕಿ ಮಲಗುತ್ತಿದ್ದರು, ತುಳಸಿಕಟ್ಟೆ ಯಾವ ಪಕ್ಕಕ್ಕಿತ್ತು ಎಂದು ಕೇಳಿ, ಅವರು ಬೆರಳು ತೋರಿಸಿದ ಕಡೆಗೇ ತಲೆಯನ್ನಿಟ್ಟು ಗೆರೆ ಎಳೆಯಿರಿ.